ಪೇಟೆಯೂ ಉಳಿಯಲಿ, ನಮ್ಮ ಬುಟ್ಟಿಗೂ ಜಾಗವಿರಲಿ
(ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಊರು ಬೆಳೆದ ಹಾಗೆಲ್ಲ ಹಳೇ ಪೇಟೆ ಸೊರಗುತ್ತದೆ. ಹೊರಗಡೆ ಹೊಸ ಬಡಾವಣೆ, ದೊಡ್ಡ ಅಂಗಡಿ ಬರುತ್ತವೆ. ಅನುಕೂಲಸ್ಥರು ಅತ್ತ ಹೋಗುತ್ತಾರೆ. ಪೇಟೆಯ ಕಟ್ಟಡಗಳಿಗೆ ದುರಸ್ತಿ ಇರುವುದಿಲ್ಲ. ಮೈಸೂರನ್ನೇ ನೋಡಿ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಿ ಕಟ್ಟಬೇಕೋ, ಉಳಿಸಿ ರಿಪೇರಿ ಮಾಡಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು.

ಕಟ್ಟಡದ ಮಾತು ಸರಿ. ಅದರ ಮುಂದೆ ಬುಟ್ಟಿ ಇಟ್ಟು ಕೂತವರ ಮಾತೇನು? ಹೂವು, ವೀಳ್ಯದೆಲೆ, ಸೊಪ್ಪು ಕೊಳ್ಳಲು ಬಂದವರೇ ಪಕ್ಕದ ಬಟ್ಟೆ ಅಂಗಡಿ, ಪಾತ್ರೆ ಅಂಗಡಿಗೂ ಹೋಗುತ್ತಾರೆ. ಬುಟ್ಟಿಯವರನ್ನು ಎಬ್ಬಿಸಿದರೆ ರಸ್ತೆ ಚೊಕ್ಕಟವಾಗಬಹುದು, ಪೇಟೆ ಮಾತ್ರ ಬಿಕೋ ಅನ್ನುತ್ತದೆ.

ನಮ್ಮ ಸಂಘವೊಂದರ ಸದಸ್ಯೆ ಇಪ್ಪತ್ತು ವರ್ಷ ಒಂದೇ ಕಡೆ ಹೂವು ಮಾರಿದವರು. ವ್ಯಾಪಾರಿಗಳ ಸಮೀಕ್ಷೆ ನಡೆದ ದಿನ ಮಗಳ ಬಾಣಂತನಕ್ಕೆ ಹೋಗಿದ್ದರು. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಮುಂದೆ ರಸ್ತೆ ಅಗಲ ಮಾಡಿದಾಗ ಕೂರಲು ಜಾಗವೂ ಸಿಗಲಿಲ್ಲ. ಗಾಡಿಗೆ ಸಾಲ ಕೊಡಿಸಿದ್ದ ನಾವು, "ನಿಮ್ಮ ಹತ್ತಿರ ಪ್ರಮಾಣಪತ್ರ ಇದೆಯಾ ಅಮ್ಮಾ?" ಅಂತ ಒಂದು ದಿನವೂ ಕೇಳಿರಲಿಲ್ಲ. ಇದು ನಮ್ಮ ತಪ್ಪು. ಈಗ ಅವರ ಕಂತನ್ನು ಸಂಘದ ಅಕ್ಕತಂಗಿಯರೇ ಸೇರಿ ಕಟ್ಟುತ್ತಿದ್ದಾರೆ.

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ನಮ್ಮ ಪರವಾಗಿದೆ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಸ್ಥಳಾಂತರಿಸಬೇಕಾದರೆ 30 ದಿನ ಮೊದಲು ನೋಟಿಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಇರಬೇಕು. ಆ ಕುರ್ಚಿಯಲ್ಲಿ ನಾವು ಕೂರದಿದ್ದರೆ ನಮ್ಮ ಜಾಗವನ್ನು ಬೇರೆಯವರು ತೀರ್ಮಾನಿಸುತ್ತಾರೆ.

ಹಾಗಾದರೆ ಏನು ಮಾಡೋಣ? ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಪುಸ್ತಕದ ಜೊತೆ ಇನ್ನೊಂದು ಪಟ್ಟಿ ಬರೆಯಿರಿ: ಯಾರು ಎಲ್ಲಿ ಮಾರುತ್ತಾರೆ, ಎಷ್ಟು ವರ್ಷದಿಂದ, ಪ್ರಮಾಣಪತ್ರ ಇದೆಯೋ ಇಲ್ಲವೋ. ಇಲ್ಲದವರು ಒಬ್ಬೊಬ್ಬರೇ ಅಲೆಯಬೇಡಿ. ಹತ್ತು ಜನ ಸೇರಿ ನಗರಸಭೆಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆದು ಜೋಪಾನವಾಗಿಡಿ. ಸಮಿತಿಯ ಚುನಾವಣೆ ಬಂದಾಗ ನಿಮ್ಮಲ್ಲೇ ಒಬ್ಬರನ್ನು ನಿಲ್ಲಿಸಿ. ನಾವೂ ನಿಮ್ಮ ಜೊತೆ ಬರುತ್ತೇವೆ.