ಹೊಸ ಕಾರು, ಪಳಗದ ಎಂಜಿನ್

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪ್ರತಿ ವರ್ಷ ಈ ವೇದಿಕೆಯಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ಮಾತನಾಡಿ ನಿಮ್ಮ ಹೋಳಿಗೆಯ ರುಚಿ ಕೆಡಿಸಿದ್ದೇನೆ. ಈ ಸಲ ಕಾರ್ಯದರ್ಶಿಗಳು ಮೊದಲೇ ಎಚ್ಚರಿಸಿದರು: "ಡಾಕ್ಟ್ರೇ, ಊಟಕ್ಕೆ ಮುಂಚೆ ಸಕ್ಕರೆ ವಿಷಯ ಬೇಡ, ನಿಮ್ಮ ಹೊಸ ಕಾರಿನ ವಿಷಯ ಹೇಳಿ." ನಮ್ಮ ಸಂಘದಲ್ಲೇ ಹಲವು ಮನೆಯವರು ಪ್ಲಗ್-ಇನ್ ಹೈಬ್ರಿಡ್ ಕೊಂಡಿದ್ದಾರೆ, ಇನ್ನು ಕೆಲವರು ಕೊಳ್ಳುವ ಯೋಚನೆಯಲ್ಲಿದ್ದಾರೆ. ನಾನು ಮೆಕ್ಯಾನಿಕ್ ಅಲ್ಲ. ತಪ್ಪು ಮಾಡಿ ಆಮೇಲೆ ಓದಿ ತಿಳಿದುಕೊಂಡವನು, ಅಷ್ಟೇ.

ನಾನು ಚಿಕ್ಕವನಿದ್ದಾಗ ನಮ್ಮ ತಂದೆ ಒಂದು ಹೊಸ ಯೆಜ್ಡಿ ಕೊಂಡರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಆ ಕಾರ್ಖಾನೆ ೧೯೯೬ರಲ್ಲಿ ಮುಚ್ಚಿಹೋಯಿತು. "ಎಂಜಿನ್ ಇನ್ನೂ ಬಿಗಿ ಇದೆ, ಫ್ರೀ ಆಗಬೇಕು" ಎಂದು ಮೆಕ್ಯಾನಿಕ್ ಹೇಳಿದ್ದೇ ತಡ, ತಂದೆಯವರು ಒಂದು ತಿಂಗಳು ಹಿಂದಿನ ಸೀಟಿನಲ್ಲಿ ಯಾರನ್ನೂ ಕೂರಿಸಲಿಲ್ಲ. ಪೆಟ್ರೋಲಿಗೆ ಎಣ್ಣೆಯನ್ನು ಸ್ವಲ್ಪ ಹೆಚ್ಚಾಗಿಯೇ ಬೆರೆಸುತ್ತಿದ್ದರು. ಮನೆಯಲ್ಲಿ ಹೊಸ ಗಾಡಿ ನಿಂತಿದ್ದರೂ ಅಮ್ಮ ಸಂತೆಗೆ ನಡೆದೇ ಹೋದರು. ಆ ಕೋಪ ಅವರಿಗೆ ಇನ್ನೂ ಪೂರ್ತಿ ಇಳಿದಿಲ್ಲ.

ಫ್ರೀ ಆಗುವುದೆಂದರೆ ಏನು? ಸಿಲಿಂಡರಿನ ಒಳಗೋಡೆಯ ಮೇಲೆ ಬೇಕೆಂದೇ ಕಣ್ಣಿಗೆ ಕಂಡೂ ಕಾಣದಂಥ ಅಡ್ಡಡ್ಡ ಗೀರುಗಳನ್ನು ಎಳೆದಿರುತ್ತಾರೆ. ಎಣ್ಣೆ ನಿಲ್ಲುವುದು ಆ ಗೀರುಗಳಲ್ಲಿ. ಪಿಸ್ಟನ್ನಿನ ಸುತ್ತಲಿರುವ ರಿಂಗುಗಳು ಆ ಗೋಡೆಗೆ ಉಜ್ಜಿ ಉಜ್ಜಿ, ಎರಡರ ಏರುತಗ್ಗುಗಳೂ ಸವೆದು, ಒಂದಕ್ಕೊಂದು ಹೊಂದಿಕೊಳ್ಳಬೇಕು. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದರಲ್ಲಿ ಉರಿಯುವ ಅನಿಲದ ಒತ್ತಡದ ಪಾಲು ದೊಡ್ಡದು. ಹಾಗಾಗಿ ಬರೀ ಮೆತ್ತಗೆ ಓಡಿಸಿದರೂ ರಿಂಗು ಸರಿಯಾಗಿ ಕೂರುವುದಿಲ್ಲ. ಗೋಡೆ ನುಣುಪಾಗಿ, ಎಂಜಿನ್ ಎಣ್ಣೆ ಕುಡಿಯತೊಡಗುತ್ತದೆ. ಮೊದಲ ದಿನವೇ ಪೂರ್ತಿ ಒತ್ತಿದರೆ ಎಣ್ಣೆಯ ಪದರ ಹರಿದು ಗೋಡೆ ಗೀಚಿಹೋಗಬಹುದು. ಮಧ್ಯಮ ಭಾರ, ಏರಿಳಿಯುವ ವೇಗ, ಚೆನ್ನಾಗಿ ಬಿಸಿಯಾದ ಎಣ್ಣೆ, ಇವು ಬೇಕು. ಇಂದಿನ ಎಂಜಿನ್‌ಗಳು ಹಿಂದಿಗಿಂತ ನಯವಾಗಿ ತಯಾರಾಗುವುದರಿಂದ ನಮ್ಮ ತಂದೆಯವರಷ್ಟು ವ್ರತ ಹಿಡಿಯಬೇಕಾಗಿಲ್ಲ. ಆದರೂ ಮೊದಲ ಸಾವಿರ, ಸಾವಿರದೈನೂರು ಕಿಲೋಮೀಟರ್ ಜೋಪಾನ ಎಂದು ಅನೇಕ ಕಂಪೆನಿಗಳ ಕೈಪಿಡಿಗಳು ಹೇಳುತ್ತವೆ.

ನಾನು ಮುಗ್ಗರಿಸಿದ್ದು ಇಲ್ಲೇ. ಮನೆ ಹಮ್ದಾನ್ ಸ್ಟ್ರೀಟಿನಲ್ಲಿ. ಹಳೆಯ ಕಟ್ಟಡ, ಚಾರ್ಜಿಂಗ್ ಇಲ್ಲ. ಪಾರ್ಕಿಂಗ್ ಸಿಕ್ಕಿದರೆ ಅದೇ ಪುಣ್ಯ. ಆದರೆ ಆಸ್ಪತ್ರೆಯಲ್ಲಿ ಚಾರ್ಜರ್ ಇದೆ. ಆಸ್ಪತ್ರೆ, ಮಕ್ಕಳ ಶಾಲೆ, ಕಾರ್ನಿಶ್, ಎಲ್ಲ ಓಡಾಟವೂ ಬ್ಯಾಟರಿಯಲ್ಲೇ ಆಗಿಬಿಡುತ್ತಿತ್ತು. ಮೀಟರ್ ಸಾವಿರದೈನೂರು ದಾಟಿದ ದಿನ, ಎಂಜಿನ್ ಪಳಗಿತು ಎಂದು ಮನೆಯವರ ಮುಂದೆ ಹೇಳಿಕೊಂಡೆ. ಮೀಟರ್ ಎಣಿಸಿದ್ದು ಚಕ್ರದ ಕಿಲೋಮೀಟರುಗಳನ್ನು. ಎಂಜಿನ್ ಓಡಿದ್ದು ಅದರಲ್ಲಿ ನೂರೋ ನೂರೈವತ್ತೋ, ಅದೂ ಎರಡೆರಡು ನಿಮಿಷ.

ಆ ವಾರವೇ ಒಂದು ರಾತ್ರಿ ದುಬೈಯಿಂದ ತಂಗಿಯ ಫೋನು. "ಅಣ್ಣಾ, ಇವರಿಗೆ ಎದೆನೋವು." ಆಂಬುಲೆನ್ಸ್ ಕರೆಸಲು ಹೇಳಿ ಹೊರಟೆ. ಹೆದ್ದಾರಿಯ ಮಿತಿ ೧೪೦. ನಾನು ಮಿತಿಯಲ್ಲೇ ಇದ್ದೆ, ಒಂದು ಚೂರೂ ಕೆಳಗಿರಲಿಲ್ಲ. ಶಹಾಮಾ ಹತ್ತಿರ ಬ್ಯಾಟರಿ ಮುಗಿಯಿತು. ಅದುವರೆಗೆ ಮಲಗಿದ್ದ ಎಂಜಿನ್ ಎದ್ದದ್ದೇ ಕಿರುಚಿಕೊಂಡು. ತಣ್ಣನೆಯ ಎಣ್ಣೆ, ಪಳಗದ ರಿಂಗು, ತಲೆಯ ಮೇಲೆ ಪೂರ್ತಿ ಭಾರ. ಹೊರಗೆ ಮೂವತ್ತೈದು ಡಿಗ್ರಿ ಸೆಕೆಯಿತ್ತಲ್ಲ, ತಣ್ಣಗೆ ಹೇಗೆ ಎನ್ನುತ್ತೀರಿ. ಎಂಜಿನ್ ಕೆಲಸ ಮಾಡುವ ಶಾಖ ತೊಂಬತ್ತರ ಆಸುಪಾಸು. ಅದಕ್ಕೆ ಅಬುಧಾಬಿಯ ಆಗಸ್ಟ್ ತಿಂಗಳೂ ಚಳಿಗಾಲವೇ.

ಭಾವನವರು ಗುಣವಾದರು, ಈಗ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಕಾರೂ ಓಡುತ್ತಿದೆ. ಆದರೆ ಮೊದಲ ಸರ್ವೀಸಿಗೆ ಮುಂಚೆ ಎಣ್ಣೆಯ ಮಟ್ಟ ನಾನು ಎಣಿಸಿದ್ದಕ್ಕಿಂತ ಇಳಿದಿತ್ತು. ಆ ರಾತ್ರಿಯೇ ಕಾರಣ ಎನ್ನಲಾರೆ. ಒಬ್ಬನೇ ರೋಗಿಯನ್ನು ನೋಡಿ ಸಿದ್ಧಾಂತ ಕಟ್ಟಬಾರದು. ಅಂಥ ಫೋನು ಮತ್ತೆ ಬಂದರೆ ಮತ್ತೆ ಹಾಗೆಯೇ ಹೋಗುತ್ತೇನೆ ಎಂಬುದೂ ನಿಜ.

ವೈದ್ಯನಾಗಿ ನನಗೆ ನೆನಪಾದದ್ದು ೧೯೯೩ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ. ಭಾರೀ ಶ್ರಮಪಟ್ಟ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ, ವಾರಕ್ಕೆ ಐದು ಸಲವಾದರೂ ವ್ಯಾಯಾಮ ಮಾಡುವವರಲ್ಲಿ ಸುಮಾರು ಎರಡೂವರೆ ಪಟ್ಟು ಏರಿದರೆ, ವ್ಯಾಯಾಮವೇ ಇಲ್ಲದವರಲ್ಲಿ ನೂರು ಪಟ್ಟು ದಾಟಿತ್ತು. (ಕಾರ್ಯದರ್ಶಿಗಳೇ ಕ್ಷಮಿಸಿ, ಸಕ್ಕರೆಯ ಹೆಸರನ್ನಂತೂ ಎತ್ತಲಿಲ್ಲ.)

ಈಗ ಏನು ಮಾಡಬೇಕು? ಬ್ಯಾಟರಿಯ ಚಾರ್ಜನ್ನು ಉಳಿಸಿ ಎಂಜಿನ್‌ನಿಂದ ಓಡಿಸುವ ಗುಂಡಿಯೊಂದು ಈ ಕಾರುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಹೆದ್ದಾರಿಗೆ ಹೋಗುವ ದಿನ ಹಮ್ದಾನ್ ಸ್ಟ್ರೀಟಿನಲ್ಲೇ ಅದನ್ನು ಒತ್ತಿ. ಮಕ್ತಾ ಸೇತುವೆ ದಾಟುವಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತದೆ. ಆಮೇಲೆ ಬಲಗಡೆಯ ಲೇನಿನಲ್ಲಿ ಎಂಬತ್ತು, ನೂರು, ಮತ್ತೆ ತೊಂಬತ್ತು ಎಂದು ಏರಿಳಿಸುತ್ತ ಹೋಗಿ. ಕ್ರೂಸ್ ಕಂಟ್ರೋಲ್ ಹಾಕಿ ಒಂದೇ ವೇಗದಲ್ಲಿ ಕೂರಬೇಡಿ. ೨೦೨೩ರಲ್ಲಿ ಎಡಗಡೆಯ ಎರಡು ಲೇನುಗಳಿಗೆ ಹಾಕಿದ್ದ ೧೨೦ರ ಕನಿಷ್ಠ ಮಿತಿಯನ್ನು ೨೦೨೫ರ ಏಪ್ರಿಲ್‌ನಲ್ಲಿ ತೆಗೆದಿದ್ದಾರೆ, ಆದರೂ ನಿಧಾನ ಹೋಗುವವರ ಜಾಗ ಬಲಗಡೆಯೇ. ಪೆಡಲನ್ನು ಪೂರ್ತಿ ಅದುಮಬೇಡಿ. ಬ್ಯಾಟರಿ ತುಂಬಿದ್ದರೂ ಆಗ ಅನೇಕ ಕಾರುಗಳಲ್ಲಿ ಎಂಜಿನ್ ಥಟ್ಟನೆ ಎದ್ದು ಬರುತ್ತದೆ. ಹೊಸ ಕಾರಿನ ಸಂಭ್ರಮಕ್ಕೆ ಖಾಲಿ ಬ್ಯಾಟರಿಯಲ್ಲಿ ಅಲ್ ಐನ್‌ನ ಜೆಬೆಲ್ ಹಫೀತ್ ಹತ್ತಬೇಡಿ. ಹನ್ನೊಂದು ಚಿಲ್ಲರೆ ಕಿಲೋಮೀಟರ್ ಏರು ಎಲ್ಲೂ ಓಡಿಹೋಗುವುದಿಲ್ಲ. ಬ್ರೇಕುಗಳೂ ಪಳಗಬೇಕು: ಈ ಕಾರುಗಳಲ್ಲಿ ವೇಗ ತಗ್ಗಿಸುವ ಕೆಲಸವನ್ನು ಹೆಚ್ಚಾಗಿ ಮೋಟಾರೇ ಮಾಡುವುದರಿಂದ ಪ್ಯಾಡುಗಳು ಹೊಂದಿಕೊಳ್ಳಲು ಹೆಚ್ಚು ದಿನ ಹಿಡಿಯುತ್ತದೆ. ಉಳಿದದ್ದಕ್ಕೆ ನಿಮ್ಮ ಕಾರಿನ ಕೈಪಿಡಿಯೇ ಪ್ರಮಾಣ.

ಪಳಗಿದ ಮೇಲೂ ಎಂಜಿನ್ನನ್ನು ತಿಂಗಳುಗಟ್ಟಲೆ ಮಲಗಿಸಬಾರದು. ೨೦೧೦ರ ಕೊನೆಯಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದು ೨೦೧೯ರಲ್ಲಿ ನಿಂತುಹೋದ ಷೆವರ್ಲೆ ವೋಲ್ಟ್ ಕಾರಿನಲ್ಲಿ, ಸುಮಾರು ಆರು ವಾರ ಎಂಜಿನ್ ಓಡದಿದ್ದರೆ ಕಾರೇ ಅದನ್ನು ಸ್ವಲ್ಪ ಹೊತ್ತು ಓಡಿಸುವ ಏರ್ಪಾಟಿತ್ತು; ಟ್ಯಾಂಕಿನ ಪೆಟ್ರೋಲು ಒಂದು ವರ್ಷ ಹಳೆಯದಾದರೂ ಹಾಗೆಯೇ. ನಾವೀಗ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಎಂಜಿನ್‌ನಲ್ಲೇ ಹೋಗಿ ಬರುತ್ತೇವೆ. ಊರಿಂದ ಬಂದಿರುವ ಅಮ್ಮ ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಕೂರುವ ಮುಂಚೆ ಪ್ರತಿ ವಾರವೂ ಒಂದೇ ಪ್ರಶ್ನೆ: "ಫ್ರೀ ಆಯ್ತೇನೋ?"

ಚಾರ್ಜಿಂಗ್ ವಿಷಯ ಕೇಳುವವರು ಊಟದ ಸಾಲಿನಲ್ಲಿ ಸಿಗಿ.