ಕಾಡಿನ ಕೆಲಸಕ್ಕೆ ನಮ್ಮೂರಿನ ಮಕ್ಕಳು

(ಸುವರ್ಣ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಒಂಬತ್ತನೇ ತರಗತಿಯಲ್ಲಿ ನಾನು ಪಾಠ ಕೇಳಿದ್ದಕ್ಕಿಂತ ತೂಕಡಿಸಿ ಬೈಸಿಕೊಂಡದ್ದೇ ಹೆಚ್ಚು. ರಾಗಿ ತೆನೆ ಬಂತೆಂದರೆ ಅಪ್ಪನ ಜೊತೆ ಅಟ್ಟಣೆಯ ಮೇಲೆ ರಾತ್ರಿಯಿಡೀ ಆನೆ ಕಾಯಬೇಕಿತ್ತು. ಒಂದು ದಿನ ವಿಜ್ಞಾನದ ಮೇಷ್ಟ್ರು ಕಾರಣ ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ. "ಆನೆ ಯಾವ ಕಡೆಯಿಂದ ಬರುತ್ತೆ, ಎಷ್ಟು ಹೊತ್ತಿಗೆ ಬರುತ್ತೆ, ಎಷ್ಟು ಬರುತ್ತೆ, ಬರೆದಿಡು" ಎಂದು ಒಂದು ನೋಟ್ ಪುಸ್ತಕ ಕೊಟ್ಟರು. ಇಂದು ವಲಯ ಅರಣ್ಯಾಧಿಕಾರಿಯಾಗಿ ನಿಮ್ಮ ಮುಂದೆ ನಿಂತಿದ್ದರೆ ಆ ಪುಸ್ತಕವೇ ಮೊದಲ ಮೆಟ್ಟಿಲು.

ಕಾಡಿನ ಕೆಲಸವೆಂದರೆ ಕೋವಿ ಹಿಡಿದು ಜೀಪಿನಲ್ಲಿ ಓಡಾಡುವುದು ಎಂದು ಬಹಳ ಜನ ತಿಳಿದಿದ್ದಾರೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಗಣತಿಯನ್ನೇ ನೋಡಿ. ಸಿಬ್ಬಂದಿ ಬೆಳಗ್ಗೆ ಬೆಳಗ್ಗೆಯೇ ನಡೆದು ಹೆಜ್ಜೆ, ಲದ್ದಿ, ಮರದ ಮೇಲಿನ ಪರಚು ಹುಡುಕಿ ದಾಖಲಿಸಬೇಕು. ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟಬೇಕು. ಹುಲಿಯ ಎಡಮೈ ಪಟ್ಟೆ ಬಲಮೈಗೆ ಹೋಲುವುದಿಲ್ಲ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿ, 2023ರ ಆನೆ ಗಣತಿಯಲ್ಲಿ 6,395 ಆನೆ ಎಂದು ಪತ್ರಿಕೆಯಲ್ಲಿ ಓದಿರುತ್ತೀರಿ. ಆ ಅಂಕಿಗಳ ಹಿಂದೆ ಇರುವುದು ಇಂಥವರ ಕಾಲ್ನಡಿಗೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ದಾರಿ ತೋರಿಸಿದವರು ಹಾಡಿಯಿಂದ ಬಂದ ದಿನಗೂಲಿ ವಾಚರ್ ಒಬ್ಬರು. ಒಂದು ಮುಂಜಾನೆ ನೆಲ ನೋಡಿ ನಿಂತುಬಿಟ್ಟರು. "ಬುದ್ಧಿ, ಹೆಣ್ಣಾನೆ, ಜೊತೆಗೆ ಮರಿ ಅದೆ. ಈ ದಾರಿ ಬ್ಯಾಡ" ಎಂದರು. ನನಗೆ ಕಂಡದ್ದು ಬರೀ ಮಣ್ಣು. ಸುತ್ತಿ ಹೋದೆವು, ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಘೀಳು ಕೇಳಿತು. ಅಂದು ಅವರು ನನ್ನ ಜೀವ ಉಳಿಸಿದರು. ಆದರೆ ಕೊನೆಯವರೆಗೂ ಅವರು ದಿನಗೂಲಿಯಾಗಿಯೇ ಉಳಿದರು, ಏಕೆಂದರೆ ಅವರು ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ನನಗೆ ಪದವಿಯಿತ್ತು, ಅವರಿಗೆ ವಿದ್ಯೆಯಿತ್ತು. ಎರಡೂ ಒಬ್ಬರಲ್ಲೇ ಸೇರಬೇಕೆಂಬುದು ನನ್ನ ಆಸೆ. ಅಂಥವರು ಹುಟ್ಟಬೇಕಾದದ್ದು ಕಾಡಂಚಿನ ಇಂಥ ಶಾಲೆಗಳಲ್ಲೇ.

ಮಕ್ಕಳೇ, ದಾರಿಗಳಿವೆ. ಗಸ್ತು ಅರಣ್ಯ ಪಾಲಕರಾಗಲು ಪಿಯುಸಿ ಬೇಕು, ದೇಹದಾರ್ಢ್ಯ ಬೇಕು. ವಿಜ್ಞಾನ ಓದಿ ಸಿಇಟಿ ಬರೆದರೆ ಶಿರಸಿ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳಿವೆ. ರೈತರ ಮಕ್ಕಳಿಗೆ ಮೀಸಲು ಸೀಟುಗಳೂ ಇವೆ. ಪಶುವೈದ್ಯರಾದರೂ ಕಾಡಿಗೆ ಬರಬಹುದು. ಮುಂದೆ ಸಂಶೋಧನೆ ಮಾಡುವವರಿಗೆ ಡೆಹ್ರಾಡೂನ್‌ನಲ್ಲಿ 1982ರಲ್ಲಿ ಆರಂಭವಾದ ಭಾರತೀಯ ವನ್ಯಜೀವಿ ಸಂಸ್ಥೆ ಇದೆ. ಹೆಣ್ಣುಮಕ್ಕಳನ್ನು ಕಾಡಿಗೆ ಹೇಗೆ ಕಳಿಸುವುದು ಎಂದು ತಾಯಂದಿರು ಕೇಳುತ್ತಾರೆ. ನನ್ನ ವಲಯದಲ್ಲಿ ಹೆಣ್ಣುಮಕ್ಕಳು ಗಸ್ತು ತಿರುಗುತ್ತಿದ್ದಾರೆ, ಕಾಡ್ಗಿಚ್ಚನ್ನೂ ಆರಿಸುತ್ತಾರೆ. ಅಪಾಯ ಇಲ್ಲವೆಂದು ಸುಳ್ಳು ಹೇಳಲಾರೆ. ಅದು ಗಂಡು ಹೆಣ್ಣು ಇಬ್ಬರಿಗೂ ಒಂದೇ.

ಊರಿನ ಹಿರಿಯರೇ, ಆನೆ ಬೆಳೆ ತುಳಿದಾಗ ಇಲಾಖೆಯ ಮೇಲೆ ನಿಮಗೆ ಬರುವ ಸಿಟ್ಟು ನನಗೆ ಗೊತ್ತು. ನಮ್ಮಪ್ಪನೂ ಹಾಗೆಯೇ ಸಿಟ್ಟಾಗುತ್ತಿದ್ದರು. ಪರಿಹಾರದ ಅರ್ಜಿ ಹಿಡಿದು ಬಂದವರನ್ನು ಕಂಡಾಗ ನನಗೆ ಅವರದೇ ಮುಖ ನೆನಪಾಗುತ್ತದೆ. ಅಟ್ಟಣೆಯ ಮೇಲೆ ರಾತ್ರಿ ಕಳೆದವನೇ ಅಧಿಕಾರಿಯಾಗಿ ಕುಳಿತರೆ ಊರಿಗೂ ಒಳ್ಳೆಯದು, ಕಾಡಿಗೂ ಒಳ್ಳೆಯದು.

ಕೊನೆಯದಾಗಿ ಎರಡು ಮಾತು. ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ವರ್ಷಕ್ಕೆ ಇಬ್ಬರು ಮಕ್ಕಳ ಪಿಯುಸಿ ಮತ್ತು ಸಿಇಟಿ ತಯಾರಿಯ ಖರ್ಚು ನೋಡಿಕೊಳ್ಳೋಣ. ಅವರಲ್ಲಿ ಒಬ್ಬರು ಹಾಡಿಯ ಮಗುವಾಗಿರಲಿ. ಮೊದಲ ವರ್ಷದ ಖರ್ಚು ನನ್ನದು. ಇನ್ನು, ಒಂಬತ್ತನೇ ತರಗತಿಯ ಪ್ರತಿ ಮಗುವಿಗೂ ಒಂದೊಂದು ನೋಟ್ ಪುಸ್ತಕ ತಂದಿದ್ದೇನೆ. ಪಾಠದ ನೋಟ್ಸ್ ಇದರಲ್ಲಿ ಬರೆಯಬೇಡಿ. ಕಂಡ ಹಕ್ಕಿ, ಕೇಳಿದ ಕೂಗು, ಹೊಲಕ್ಕೆ ಬಂದ ಹಂದಿಯ ಲೆಕ್ಕ ಬರೆಯಿರಿ. ಮುಂದಿನ ವರ್ಷ ಬಂದು ನೋಡುತ್ತೇನೆ.

ನನಗೆ ಅಕ್ಷರ ಕೊಟ್ಟ ಈ ಶಾಲೆಗೆ ಶರಣು.