ತಾಯಿಯ ಕಣ್ಣೊಂದೇ ಸಾಲದು



ಪುಟ್ಟ ಮಗುವೊಂದು ನೀರಿಗೆ ಬಿದ್ದು ತೀರಿಕೊಂಡರೆ ಊರಿನಲ್ಲಿ ಮೊದಲು ಏಳುವ ಪ್ರಶ್ನೆ, ‘ಅವರವ್ವ ಎಲ್ಲಿದ್ದಳು?’ ಈ ಸಂಕಿರಣ ಆ ಪ್ರಶ್ನೆಯನ್ನು ಬದಿಗಿಟ್ಟು ಆರಂಭವಾಗಲಿ ಎಂಬುದೇ ನನ್ನ ಆಶಯ. ಮನೆಗೆಲಸ, ಹೊಲದ ಕೆಲಸ ಎರಡನ್ನೂ ಹೊತ್ತ ಹೆಂಗಸು ಆಗತಾನೇ ನಡೆಯಲು ಕಲಿತ ಮಗುವನ್ನು ಇಡೀ ದಿನ ರೆಪ್ಪೆ ಮಿಟುಕಿಸದೆ ಕಾಯಲಾರಳು. ಮಗು ಮುಳುಗುವಾಗ ಕೂಗುವುದೂ ಇಲ್ಲ. ಪಕ್ಕದ ಕೋಣೆಯಲ್ಲಿದ್ದವರಿಗೂ ಕೇಳಿಸದಂತೆ ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿದುಹೋಗುತ್ತದೆ.

ಬಾಂಗ್ಲಾದೇಶ ಇದನ್ನು ನಮಗಿಂತ ಮೊದಲೇ ಅರಿತುಕೊಂಡಿತು. ಮಕ್ಕಳು ಎಲ್ಲಿ, ಯಾವ ಹೊತ್ತಿನಲ್ಲಿ ಮುಳುಗುತ್ತಾರೆ ಎಂದು ಅಲ್ಲಿನ ಸಂಶೋಧಕರು ಹಳ್ಳಿಹಳ್ಳಿಯಲ್ಲಿ ಲೆಕ್ಕ ಹಾಕಿದರು. ಬಹುಪಾಲು ಸಾವು ಸಂಭವಿಸಿದ್ದು ದೂರದ ನದಿಯಲ್ಲಲ್ಲ, ಮನೆಯಿಂದ ಸುಮಾರು 20 ಮೀಟರ್ ಒಳಗಿನ ಕೊಳ, ಗುಂಡಿಗಳಲ್ಲಿ. ಬೆಳಿಗ್ಗೆ 9ರಿಂದ ಮಧ್ಯಾಹ್ನದ ನಡುವೆ, ಅಡುಗೆ–ಬಟ್ಟೆ–ಹೊಲದ ಕೆಲಸ ಒಟ್ಟಿಗೆ ಮೈಮೇಲೆ ಬರುವ ಹೊತ್ತಿನಲ್ಲಿ. ಅದೇ ಹೊತ್ತಿಗೆ ‘ಆಂಚಲ್’ ಎಂಬ ಶಿಶುಪಾಲನಾ ಕೇಂದ್ರಗಳು ತೆರೆದವು. ಊರಿನದೇ ಒಬ್ಬ ಹೆಣ್ಣುಮಗಳು, ಒಬ್ಬ ಸಹಾಯಕಿ, ಇಪ್ಪತ್ತು–ಇಪ್ಪತ್ತೈದು ಮಕ್ಕಳು, ಅಷ್ಟೇ. ಅಲ್ಲಿಗೆ ಬಂದ ಮಕ್ಕಳಲ್ಲಿ ಮುಳುಗಿ ಸಾಯುವುದು ಶೇ 80ಕ್ಕಿಂತ ಹೆಚ್ಚು ತಗ್ಗಿತು. ತಾಯಂದಿರಿಗೆ ಬುದ್ಧಿ ಹೇಳಿ ಬಂದ ಫಲ ಇದಲ್ಲ, ಅವರ ಹೊರೆಯನ್ನು ಹಂಚಿಕೊಂಡದ್ದರಿಂದ ಬಂದದ್ದು.

ನಮ್ಮ ಅಂಗನವಾಡಿಯಲ್ಲಿ ಶಾಲಾಪೂರ್ವ ಶಿಕ್ಷಣ ಸಿಗುವುದು ಮೂರು ವರ್ಷ ತುಂಬಿದ ಮೇಲೆ. ಅದಕ್ಕಿಂತ ಚಿಕ್ಕ ಮಕ್ಕಳ ಮನೆಗೆ ಆಹಾರದ ಪೊಟ್ಟಣ ಹೋಗುತ್ತದೆ. ಮಗುವನ್ನು ನೋಡಿಕೊಳ್ಳುವವರು ಸಿಗುವುದಿಲ್ಲ. ಅಪಾಯ ಹೆಚ್ಚಿರುವುದೋ ಆ ವಯಸ್ಸಿನಲ್ಲೇ. 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಆರಂಭವಾದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ಈ ಕೊರತೆಯನ್ನು ತುಂಬಬಲ್ಲದು. ಆದರೆ ಅದನ್ನು ಉದ್ಯೋಗ ಖಾತ್ರಿ ಕೂಲಿಯ ಒಂದು ಅನುಕೂಲವೆಂದಷ್ಟೇ ನೋಡುತ್ತಿದ್ದೇವೆ, ಮಕ್ಕಳ ಜೀವ ಉಳಿಸುವ ಕ್ರಮವೆಂದು ಎಣಿಸಿಲ್ಲ. ಹೆತ್ತವರಷ್ಟು ಅಕ್ಕರೆ ಹೊರಗಿನವರಿಗೆ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಅಕ್ಕರೆಯ ಮಾತು ನಿಜ. ಆದರೆ ಬೆಳಗಿನ ಆ ಕೆಲಸದ ಹೊತ್ತಿನಲ್ಲಿ ಮಗುವಿಗೆ ಬೇಕಾದದ್ದು ಬೇರೆ ಕೆಲಸವಿಲ್ಲದ ಎರಡು ಕಣ್ಣು.

ಇನ್ನು ಜಾಗದ ಮಾತು. ಕೃಷಿ ಹೊಂಡದ ಅಂಚಿನಲ್ಲಿ ನಿಂತು ನೋಡಿ. ನೀರು ಇಂಗದಿರಲೆಂದು ಹಾಸಿದ ಪಾಲಿಥೀನ್ ಹಾಳೆ ಇಳಿಜಾರಿನಲ್ಲಿ ಪಾಚಿಗಟ್ಟಿ ನುಣುಪಾಗಿರುತ್ತದೆ. ಒಳಗೆ ಜಾರಿದ ಮಗುವಿಗೆ ಹಿಡಿದುಕೊಳ್ಳಲು ಒಂದು ಕಲ್ಲು, ಒಂದು ಬೇರು ಸಿಗದು. ಈಜು ಬಲ್ಲ ದೊಡ್ಡವರೇ ಮೇಲೆ ಹತ್ತಲು ಒದ್ದಾಡುತ್ತಾರೆ. ಹೊಂಡದ ಸುತ್ತ ತಂತಿಬೇಲಿ ಕೃಷಿ ಭಾಗ್ಯ ಯೋಜನೆಯಲ್ಲೇ ಸೇರಿದೆ. ಬೇಲಿಯಿಲ್ಲದ ಹೊಂಡವನ್ನು ಪೂರ್ಣಗೊಂಡ ಕಾಮಗಾರಿ ಎಂದು ಯಾರೂ ಒಪ್ಪಬಾರದು. ಕೊಳವೆಬಾವಿಯ ಕಥೆಯೂ ಇದೇ. ಬೇಲಿ ಹಾಕಿ, ಪಾಳುಬಿದ್ದದ್ದನ್ನು ನೆಲಮಟ್ಟದವರೆಗೆ ಮುಚ್ಚಿ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಕೊಳವೆಬಾವಿಗೆ ಬಿದ್ದ ಆರು ವರ್ಷದ ಬಾಲಕಿಯನ್ನು ಕಳೆದುಕೊಂಡೆವು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಸುಮಾರು 20 ಗಂಟೆ ಶ್ರಮಿಸಿ ಮಗುವನ್ನು ಜೀವಂತ ಹೊರತೆಗೆದ ಸಿಬ್ಬಂದಿಗೆ ನಾಡು ಕೃತಜ್ಞವಾಗಿದೆ. ಆದರೆ ಕೇಸಿಂಗ್ ಪೈಪಿನ ಬಾಯಿಗೆ ಒಂದು ಮುಚ್ಚಳ ಬಿಗಿದಿದ್ದರೆ ಅಷ್ಟು ಜನ ಅಲ್ಲಿಗೆ ಓಡಬೇಕಾಗಿರಲಿಲ್ಲ.

‘ನಾವೆಲ್ಲ ಕೆರೆಬಾವಿಗಳ ನಡುವೆಯೇ ಬೆಳೆದವರು, ಏನೂ ಆಗಲಿಲ್ಲ’ ಎಂಬ ಮಾತು ಇಲ್ಲಿಯೂ ಕೇಳಿಬಂದೀತು. ಹಾಗೆ ಹೇಳಲು ಉಳಿದುಕೊಂಡವರು ಮಾತ್ರ ಇದ್ದಾರೆ. ಅಜ್ಜಿ, ಚಿಕ್ಕಮ್ಮ, ಅಕ್ಕಂದಿರು ತುಂಬಿದ್ದ ಆ ಮನೆಗಳೂ ಈಗ ಕಡಿಮೆಯಾಗಿವೆ.

ಇಲ್ಲಿ ಮಕ್ಕಳ ವೈದ್ಯರು, ಅಂಗನವಾಡಿ ಕಾರ್ಯಕರ್ತೆಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಒಟ್ಟಿಗೆ ಕೂತಿದ್ದೀರಿ. ಎರಡು ವಿಷಯ ಇತ್ಯರ್ಥವಾಗಲಿ: ಸುಗ್ಗಿಯ ತಿಂಗಳುಗಳಲ್ಲಿ ಕೂಸಿನ ಮನೆ ಎಷ್ಟು ಹೊತ್ತಿಗೆ ಬಾಗಿಲು ತೆರೆಯಬೇಕು, ಹೊಂಡ ಮತ್ತು ಕೊಳವೆಬಾವಿಗಳನ್ನು ಮಳೆಗಾಲಕ್ಕೆ ಮುನ್ನ ಪರಿಶೀಲಿಸಿ ಸಹಿ ಹಾಕಬೇಕಾದವರು ಯಾರು.